ಚಕ್ರ ತಿರುವಿದವರ ಮನೆಯ ಮೊದಲ ಕೊಡ

ನಮ್ಮೂರಿಗೆ ಹೆಣ್ಣು ನೋಡಲು ಬಂದವರು ಮೊದಲು ನೋಡುವುದು ಹುಡುಗಿಯನ್ನಲ್ಲ, ಹುಡುಗಿಯ ಮನೆಯ ಕೊಡವನ್ನು. ಅದೂ ಎಲ್ಲರ ಮನೆಯಲ್ಲಲ್ಲ, ಚಕ್ರದವರ ಮನೆಗಳಲ್ಲಿ ಮಾತ್ರ. ಹಳ್ಳದ ದಂಡೆಯ ಉದ್ದಕ್ಕೂ ಹದಿನಾಲ್ಕು ಬಣ್ಣದ ಕಾರ್ಖಾನೆಗಳಿವೆ. ಒಂದೊಂದರ ಹಿಂದೆಯೂ ಹಳ್ಳಕ್ಕೆ ನೀರು ಬಿಡುವ ಗೇಟು, ಗೇಟಿಗೊಂದು ಕಬ್ಬಿಣದ ಚಕ್ರ, ಚಕ್ರಕ್ಕೊಂದು ಬೀಗ. ಆ ಚಕ್ರವನ್ನು ಇವತ್ತು ಯಾರ ಕೈ ತಿರುವಿತೋ, ನಾಳೆ ಬೆಳಿಗ್ಗೆ ಅವರ ಮನೆಯಲ್ಲಿ ತುಂಬುವ ಮೊದಲ ಕೊಡದಲ್ಲಿ ಇವತ್ತು ಹಳ್ಳಕ್ಕೆ ಬಿಟ್ಟ ನೀರೇ ಬರುತ್ತದೆ. ನಲ್ಲಿಯಲ್ಲಿ ಹಿಡಿಯಿರಿ, ಬಾವಿಯಿಂದ ಸೇದಿರಿ, ಪಕ್ಕದ ಮನೆಯವರಿಂದ ಇಸಿದುಕೊಂಡು ಬನ್ನಿ, ನಿಮ್ಮ ಹೊಸ್ತಿಲು ದಾಟಿತೆಂದರೆ ಅದು ಅದೇ ನೀರು. ಎರಡನೆಯ ಕೊಡದಿಂದ ಎಲ್ಲ ಮಾಮೂಲು. ಹೊರಗಿನವರು ಇದು ಯಾಕೆ ಹೀಗೆ ಎಂದು ಕೇಳುತ್ತಾರೆ. ನಿಮ್ಮೂರಲ್ಲಿ ಯಾಕೆ ಹೀಗಿಲ್ಲ ಎಂದು ನಾನು ಕೇಳುತ್ತೇನೆ. ಮಾತು ಅಲ್ಲಿಗೆ ಮುಗಿಯುತ್ತದೆ.

ನನ್ನ ಹೆಸರು ಫಕೀರವ್ವ. ವಯಸ್ಸು ಐವತ್ನಾಲ್ಕು. ಹಳ್ಳದ ತಿರುವಿನಲ್ಲಿರುವ ಸಂಗನಬಸಪ್ಪ ಸಾವುಕಾರರ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ. ಬಟ್ಟೆ ತೊಳೆಯುವವರನ್ನು ನೀವು ನೋಡಿದ್ದೀರಿ, ನಾನು ನೀರು ತೊಳೆಯುವವಳು. ಈ ಇಪ್ಪತ್ತೆರಡು ವರ್ಷದಲ್ಲಿ ನಾನು ತಿರುವಿದ ಚಕ್ರದಿಂದ ಮನೆಯ ಮೊದಲ ಕೊಡಕ್ಕೆ ಒಂದು ದಿನವೂ ಬಣ್ಣ ಬಂದದ್ದಿಲ್ಲ, ವಾಸನೆ ಬಂದದ್ದಿಲ್ಲ. ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳಿಕೊಳ್ಳುತ್ತೇನೆ. ಚೆನ್ನಾಗಿ ಕೆಲಸ ಮಾಡಿದವರು ತಲೆ ತಗ್ಗಿಸಿ ನಿಂತರೆ ಕೆಟ್ಟದಾಗಿ ಮಾಡಿದವರಿಗೆ ಧೈರ್ಯ ಬರುತ್ತದೆ.

ಚಕ್ರದವರು ಬೆಳಕು ಹರಿಯುತ್ತಲೇ ಮೊದಲ ಕೊಡವನ್ನು ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಇಡಬೇಕು. ನಮ್ಮ ಓಣಿಯಲ್ಲಿ ಕೊಡ ನೋಡುವವಳು ಕಸ್ತೂರೆವ್ವ. ಎಪ್ಪತ್ತು ದಾಟಿದ್ದಾಳೆ, ಒಂದು ಕಾಲದಲ್ಲಿ ಅವಳೂ ಚಕ್ರದವಳೇ. ಒಂದು ಎಳೆ ಬಿಳಿ ನೂಲನ್ನು ಕೊಡದಲ್ಲಿ ಅದ್ದಿ, ನೂರು ಎಣಿಸಿ, ತೆಗೆದು, ಬಿಸಿಲಿಗೆ ಹಿಡಿದು ನೋಡುತ್ತಾಳೆ. ಮೂಸುತ್ತಾಳೆ. ಸರಿಯಿದ್ದರೆ ನೂಲನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಮುಂದಿನ ಮನೆಗೆ ಹೋಗುತ್ತಾಳೆ. ಸರಿಯಿಲ್ಲದಿದ್ದರೆ ನೀರು ಬಿಟ್ಟವರ ಕೀಲಿಕೈ ಅವತ್ತೇ ಹೋಯಿತು. ಆ ಕೈ ಮತ್ತೆ ಚಕ್ರ ಮುಟ್ಟುವಂತಿಲ್ಲ. ಒಮ್ಮೆ ದೂರದ ಪಟ್ಟಣದಿಂದ ಸಾಹೇಬರೊಬ್ಬರು ಬಂದು ಹದಿನಾಲ್ಕು ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಹೋಗಿ ಒಂದು ತಿಂಗಳಾದ ಮೇಲೆ ಎಲ್ಲ ಚೆನ್ನಾಗಿದೆ ಎಂದು ಕಾಗದ ಕಳಿಸಿದರು. ಕಸ್ತೂರೆವ್ವ ಅದನ್ನು ಓದಿಸಿ ಕೇಳಿ, "ಒಂದ್ ತಿಂಗಳು ಬೇಕಾತೇನು ಅವರಿಗೆ?" ಎಂದಳು.

ನೀರು ತೊಳೆಯುವುದು ಸುಲಭದ ಕೆಲಸವಲ್ಲ. ಬಣ್ಣದ ಹಂಡೆಗಳಿಂದ ಬಂದ ನೀರಿಗೆ ಮೊದಲು ಸುಣ್ಣ, ಆಲಂ ಎನ್ನುವ ಪಟಿಕ ಹಾಕಿ ಅರ್ಧ ಬಣ್ಣವನ್ನು ತಳಕ್ಕೆ ಕೂರಿಸಬೇಕು. ಆಮೇಲೆ ದೊಡ್ಡ ತೊಟ್ಟಿ. ಅಲ್ಲಿ ಕೆಲಸ ಮಾಡುವುದು ನಾನಲ್ಲ, ಕಣ್ಣಿಗೆ ಕಾಣದ ಸಣ್ಣ ಜೀವಗಳು. ನಾನು ಅವನ್ನು ಮಂದಿ ಎನ್ನುತ್ತೇನೆ. ಲಕ್ಷಾಂತರ ಮಂದಿ ಕಂದು ಕೆಸರಿನಂತೆ ತೊಟ್ಟಿಯ ತುಂಬ ತೇಲಿಕೊಂಡು ನೀರಿನ ಹೊಲಸನ್ನು ತಿಂದು ಬದುಕುತ್ತಾರೆ. ಅವರಿಗೂ ನಮ್ಮ ಹಾಗೆಯೇ ಊಟ ಬೇಕು, ಉಸಿರು ಬೇಕು. ಉಸಿರಿಗೆಂದು ಗಾಳಿ ಊದುವ ಯಂತ್ರ ಹಗಲೂ ರಾತ್ರಿಯೂ ಗುಂಯ್ ಎನ್ನುತ್ತಿರುತ್ತದೆ. ದಿನಕ್ಕೆರಡು ಸಲ ಗಾಜಿನ ಜಾಡಿಯಲ್ಲಿ ತೊಟ್ಟಿಯ ನೀರು ಹಿಡಿದು ಅರ್ಧ ಗಂಟೆ ಇಟ್ಟು ನೋಡುತ್ತೇನೆ. ಕೆಸರು ಗಟ್ಟಿಯಾಗಿ ಕೆಳಗೆ ಕೂತು ಮೇಲೆ ತಿಳಿನೀರು ನಿಂತರೆ ಮಂದಿ ಸುಖವಾಗಿದ್ದಾರೆ ಎಂದು ಲೆಕ್ಕ. ಕೊನೆಗೆ ಗೇಟಿನ ಪಕ್ಕದ ಸಣ್ಣ ತೊಟ್ಟಿಯಲ್ಲಿ ನಾಲ್ಕು ಮೀನು. ಅವು ಆಡಿಕೊಂಡಿದ್ದರೆ ಮಾತ್ರ ನಾನು ಚಕ್ರಕ್ಕೆ ಕೈ ಹಾಕುತ್ತೇನೆ.

ಈಗ ನನ್ನ ತಮ್ಮನ ವಿಷಯ ಹೇಳಬೇಕು. ಹೇಳಲು ಇಷ್ಟವಿಲ್ಲ, ಆದರೆ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಅವನ ಹೆಸರು ಜಂಬಣ್ಣ. ನಮ್ಮವ್ವ ಸತ್ತಾಗ ಅವನಿಗೆ ಮೂರು ವರ್ಷ, ನನಗೆ ಇಪ್ಪತ್ತೆರಡು. ನನ್ನ ಮದುವೆಯಾದಾಗ ಅವನೂ ನನ್ನ ಜೊತೆಗೇ ಬಂದ. ನನ್ನ ಗಂಡ ಮುದುಕಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆಯಲ್ಲಿ ನಡೆದರು. ದೊಡ್ಡವನಾದ ಮೇಲೆ ಅವನನ್ನು ನನ್ನ ಕೈಕೆಳಗೆ ತೊಟ್ಟಿಯ ಕೆಲಸಕ್ಕೆ ಹಾಕಿಕೊಂಡೆ. ಕಲಿತ ಕೂಡ. ಏಳು ವರ್ಷದ ಹಿಂದೆ ಮಗಳ ಹೆರಿಗೆಗೆಂದು ನಾನು ಎರಡು ದಿನ ಪರ ಊರಿಗೆ ಹೋಗಬೇಕಾಯಿತು. ತೊಟ್ಟಿಯನ್ನು ಅವನಿಗೆ ಒಪ್ಪಿಸಿ ಹೋದೆ. ಗಾಳಿ ಯಂತ್ರದ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಮಹಾರಾಯ ಅದನ್ನು ಬಂದ್ ಮಾಡಿ ಮಲಗಿಬಿಟ್ಟ. ನಾನು ವಾಪಸು ಬಂದಾಗ ತೊಟ್ಟಿ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಮಂದಿಯೆಲ್ಲ ಉಸಿರುಕಟ್ಟಿ ಸತ್ತಿದ್ದರು.

ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ನಡು ಓಣಿಯಲ್ಲಿ ಅವನನ್ನು ನಿಲ್ಲಿಸಿ, "ನಿನಗ ಈ ಮನ್ಯಾಗ ಜಾಗ ಇಲ್ಲ. ಇವತ್ತಿನಿಂದ ನೀ ನಮ್ಮ ಮನಿಯಂವ ಅಲ್ಲ," ಎಂದೆ. ಅವನು ಅವತ್ತೇ ಹೊರಟ. ಹೋಗಿ ಲಾರಿ ನಿಲ್ದಾಣದಲ್ಲಿ ಹಮಾಲಿಗೆ ಸೇರಿಕೊಂಡ. ಅಲ್ಲೇ ಗೋದಾಮಿನ ಮೂಲೆಯಲ್ಲಿ ಮಲಗುತ್ತಿದ್ದ. ಏಳು ವರ್ಷ ನಾವಿಬ್ಬರೂ ಎದುರಾದರೆ ರಸ್ತೆಯ ಆ ಬದಿ ಒಬ್ಬರು, ಈ ಬದಿ ಒಬ್ಬರು. ಇನ್ನೊಂದು ವಿಷಯ ಇದೆ. ನನ್ನ ಗಂಡ ಸಾಮಾನು ಸಾಗಿಸುವ ಟೆಂಪೋ ಓಡಿಸುತ್ತಾರೆ, ಮಧ್ಯಾಹ್ನ ಊಟಕ್ಕೆ ಅವರು ಗಾಡಿ ನಿಲ್ಲಿಸುವುದು ಲಾರಿ ನಿಲ್ದಾಣದಲ್ಲಿ. ಮೂರು ರೊಟ್ಟಿಗೆ ಹೊಟ್ಟೆ ತುಂಬುವ ಮನುಷ್ಯನಿಗೆ ನಾನು ಏಳು ರೊಟ್ಟಿ ಕಟ್ಟುತ್ತಿದ್ದೆ. ಬುತ್ತಿ ಖಾಲಿಯಾಗಿ ಬರುತ್ತಿತ್ತು. ಅವರೂ ಏನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ.

ಹೀಗಿರುವಾಗ ಕೆಲವು ತಿಂಗಳ ಹಿಂದೆ ನಮ್ಮ ಸಾವುಕಾರರಿಗೆ ಒಂದು ದೊಡ್ಡ ಆರ್ಡರ್ ಬಂತು. ವಕೀಲರ ಕೋಟಿಗೆ ಕಪ್ಪು ಬಟ್ಟೆ. ಅಷ್ಟೊಂದು ಜನ ವಕೀಲರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ, ಗೋದಾಮಿನ ತುಂಬ ಬಿಳಿ ಬಟ್ಟೆಯ ಥಾನುಗಳು ಬಂದು ಬಿದ್ದವು. ಸಾವುಕಾರರು ಯಾವುದೋ ಹೊಸ ಕಪ್ಪು ಬಣ್ಣ ತರಿಸಿದರು. ಒಂದೇ ಅದ್ದಿಗೆ ಹಿಡಿಯುತ್ತದೆ, ಜನ್ಮದಲ್ಲಿ ಬಿಡುವುದಿಲ್ಲ ಎಂದು ಹೊಗಳಿದರು. ಜನ್ಮದಲ್ಲಿ ಬಿಡದ ಬಣ್ಣವನ್ನು ನೀರಿನಿಂದ ಬಿಡಿಸುವವಳು ಯಾರು ಎಂದು ಅವರು ಯೋಚಿಸಲಿಲ್ಲ, ನನ್ನನ್ನು ಕೇಳಲೂ ಇಲ್ಲ. ಮೊದಲ ದಿನದ ನೀರು ಬಂದ ಸಂಜೆಯೇ ಜಾಡಿಯಲ್ಲಿ ಕೆಸರು ಕೆಳಗೆ ಕೂರದೆ ಮೇಲೆದ್ದಿತು. ಮರುದಿನ ತೊಟ್ಟಿಯ ಮೇಲೆ ಬೂದು ನೊರೆ ಬಂತು. ಮೂರನೆಯ ದಿನ ಮಂದಿ ಪೂರ್ತಿ ಸತ್ತರು. ಮೀನುಗಳನ್ನು ನಾನು ಮೊದಲೇ ಬಕೆಟ್ಟಿಗೆ ಎತ್ತಿಟ್ಟಿದ್ದೆ. ಅಂಚಿನ ತನಕ ಕಪ್ಪು ನೀರು ತುಂಬಿದ ತೊಟ್ಟಿಯ ಪಕ್ಕ ನಿಂತು ನಾನು ನಿಜವಾಗಿ ಅತ್ತೆ. ಯಾರೂ ನೋಡಲಿಲ್ಲ, ಆದರೆ ಅತ್ತದ್ದು ನಿಜ.

ತೊಟ್ಟಿ ತುಂಬಿದರೆ ಬಣ್ಣದ ಹಂಡೆಗಳ ನೀರು ಎಲ್ಲಿಗೂ ಹೋಗುವಂತಿಲ್ಲ, ಬಣ್ಣ ಹಾಕುವುದೇ ನಿಲ್ಲುತ್ತದೆ. ಸಾವುಕಾರರು ಓಡಿ ಬಂದರು. "ಫಕೀರವ್ವ, ನೀರು ಯಾವಾಗ ಬಿಡ್ತೀ?"

"ಬಿಡಾಂಗಿಲ್ರಿ. ಮಂದಿ ಸತ್ತಾರ."

"ಎಷ್ಟು ದಿನ ಬೇಕು?"

"ಮತ್ತ ಬೆಳಸಬೇಕು. ಹನ್ನೆರಡು ದಿನ ಅಂತ ತಿಳೀರಿ."

ಅವರ ಮುಖ ಸಣ್ಣದಾಯಿತು. ಸಂಗನಬಸಪ್ಪ ಸಾವುಕಾರರು ಕೆಟ್ಟವರಲ್ಲ. ನನ್ನ ಮಗಳ ಮದುವೆಗೆ ಚಪ್ಪರ ಹಾಕಿಸಿದವರು. ಆದರೆ ಅವಸರ ಬಿದ್ದಾಗ ಒಳ್ಳೆಯವರೂ ಕೆಟ್ಟವರೂ ಒಂದೇ ದನಿಯಲ್ಲಿ ಮಾತಾಡುತ್ತಾರೆ. "ನಾಕು ದಿನದಾಗ ಮಾಲು ಹೋಗಬೇಕವಾ. ಒಂದು ಸಲ, ಕಾಲುಭಾಗ ಬಿಡು ಸಾಕು. ಹಳ್ಳದಾಗ ನೀರು ಜೋರ್ ಐತಿ, ಕೊಚ್ಚಿಕೊಂಡು ಹೋಗ್ತೈತಿ," ಎಂದರು.

"ಹಳ್ಳದಾಗ ಕೊಚ್ಚಿ ಹೋಗ್ತೈತ್ರಿ, ನನ್ನ ಕೊಡದಾಗಿಂದ ಎಲ್ಲಿಗೆ ಹೋಗ್ತೈತಿ?" ಎಂದೆ. ಸೊಂಟದಿಂದ ಕೀಲಿಕೈ ತೆಗೆದು ಅವರ ಮುಂದೆ ಹಿಡಿದೆ. "ತಗೋರಿ. ಕಾರ್ಖಾನಿ ನಿಮ್ಮದು, ನೀರು ನಿಮ್ಮದು. ನೀವ ತಿರುವ್ರಿ."

ಅವರು ಕೀಲಿಕೈಯನ್ನು ನೋಡಿದರು, ಚಕ್ರವನ್ನು ನೋಡಿದರು. ಅವರ ತಾಯಿ ದಿನಾ ಬೆಳಿಗ್ಗೆ ಮೊದಲ ಕೊಡದ ನೀರಿನಲ್ಲಿ ಲಿಂಗ ತೊಳೆದು ಪೂಜೆ ಮಾಡುತ್ತಾರೆ. ಸಾವುಕಾರರು ಕೈಯನ್ನು ಜೇಬಿಗೆ ಹಾಕಿಕೊಂಡರು. "ನಿನ್ನ ಕೂಡ ಮಾತು ಉಪಯೋಗಿಲ್ಲ," ಎಂದು ಹೊರಟುಹೋದರು. ನಾನು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೆಗಣಿ, ಬೆಲ್ಲ ತರಲು ಹೋದೆ. ಹೊಸ ಮಂದಿಗೆ ಮೊದಲ ಊಟ ಅದೇ.

ಮುಂದಿನದ್ದು ನನಗೆ ಆಮೇಲೆ ಗೊತ್ತಾದದ್ದು, ಆದರೂ ಈಗಲೇ ಹೇಳುತ್ತೇನೆ. ಸಾವುಕಾರರು ಆ ದಿನವೆಲ್ಲ ಯೋಚಿಸಿ ಒಂದು ದಾರಿ ಕಂಡುಹಿಡಿದರು. ನೀರು ಬರುವುದು ತಿರುವಿದವರ ಮನೆಗೆ ತಾನೆ? ಮನೆಯೇ ಇಲ್ಲದವನು ತಿರುವಿದರೆ? ಅದುವರೆಗೆ ನಮ್ಮೂರಲ್ಲಿ ಮನೆಯಿಲ್ಲದವರ ಕೈಗೆ ಯಾರೂ ಚಕ್ರ ಕೊಟ್ಟಿರಲಿಲ್ಲ, ಹಾಗಾಗಿ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಕೊಡವೇ ಇಲ್ಲದ ಮೇಲೆ ನೀರು ಬರುವುದೆಲ್ಲಿಗೆ ಎಂದು ಅವರ ಎಣಿಕೆ. ಲಾರಿ ನಿಲ್ದಾಣಕ್ಕೆ ಹೋಗಿ ವಿಚಾರಿಸಿದರೆ ಗೋದಾಮಿನಲ್ಲಿ ಮಲಗುವವನು ಒಬ್ಬನೇ ಸಿಕ್ಕಿದ. ಅದು ನನ್ನ ತಮ್ಮ. ಚಕ್ರ ತಿರುವುವುದೂ ಅವನಿಗೆ ಗೊತ್ತಿತ್ತು. "ಯಾರಿಗೂ ತ್ರಾಸ ಇಲ್ಲಪಾ, ನಿನಗ ಮನಿ ಇಲ್ಲಲ್ಲ," ಎಂದು ಸಾವುಕಾರರು ಕೇಳಿದರಂತೆ. ಅವನು, "ಇಲ್ರಿ, ನನಗ ಮನಿ ಇಲ್ಲ," ಎಂದು ಎದ್ದನಂತೆ. ನಾನು ಸಂಜೆ ಮನೆಗೆ ಹೋದ ಮೇಲೆ ಬೀಗ ಒಡೆದು, ತೊಟ್ಟಿಯ ಕಾಲುಭಾಗ ಕಪ್ಪು ನೀರನ್ನು ಹಳ್ಳಕ್ಕೆ ಬಿಟ್ಟರು.

ಮರುದಿನ ಬೆಳಿಗ್ಗೆ ನಾನು ನಲ್ಲಿಯ ಕೆಳಗೆ ಕೊಡ ಇಟ್ಟು ಕಸ ಗುಡಿಸುತ್ತಿದ್ದೆ. ಚಕ್ರ ಮುಟ್ಟದೆ ಮೂರು ದಿನವಾಗಿತ್ತು, ಆದ್ದರಿಂದ ಆ ಮೂರೂ ದಿನ ನಲ್ಲಿ ನೀರು ನಲ್ಲಿ ನೀರಾಗಿಯೇ ಬಂದಿತ್ತು. ತುಂಬಿದ ಕೊಡ ಎತ್ತಿ ಹೊಸ್ತಿಲು ದಾಟಿಸಿ ಕಟ್ಟೆಯ ಮೇಲಿಟ್ಟೆ. ನನ್ನ ಮುಖ ಅದರೊಳಗೆ ಕಾಣಿಸಿತು, ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ. ತಿಳಿನೀರಿನಲ್ಲಿ ಕೊಡದ ತಳ ಕಾಣುತ್ತದೆ, ಮುಖ ಅಷ್ಟು ಕಾಣುವುದಿಲ್ಲ. ಮುಖ ಅಷ್ಟು ಚೆನ್ನಾಗಿ ಕಾಣಬೇಕಾದರೆ ನೀರು ಕಪ್ಪಗಿರಬೇಕು. ಒಳಗೆ ತಂದು ಚೆಲ್ಲಿಬಿಡಬಹುದಿತ್ತು. ಹಾಗೆ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಷ್ಟರಲ್ಲಿ ಕಸ್ತೂರೆವ್ವ ತನ್ನ ನೂಲಿನ ಉಂಡೆಯೊಂದಿಗೆ ಬಂದು ನಿಂತಿದ್ದಳು.

ಅವಳು ನೂಲು ಅದ್ದಿದಳು. ನೂರು ಎಣಿಸಲಿಲ್ಲ, ಹತ್ತಕ್ಕೇ ತೆಗೆದಳು. ನೂಲು ಕಪ್ಪಾಗಿತ್ತು. "ಫಕೀರಿ," ಎಂದಳು, ಅಷ್ಟೇ. ಅವಳ ದನಿಗೆ ಪಕ್ಕದ ಮನೆಯವರು ಬಂದರು, ಅವರ ಪಕ್ಕದವರು ಬಂದರು. ಅರ್ಧ ಗಂಟೆಯಲ್ಲಿ ಓಣಿ ತುಂಬಿತು. ಇಪ್ಪತ್ತೆರಡು ವರ್ಷ ನನ್ನ ಚಿಲಕದಲ್ಲಿ ಬಿಳಿ ನೂಲನ್ನೇ ಕಂಡ ಜನ ನನ್ನನ್ನು ನೋಡಿದ ರೀತಿಯನ್ನು ನಾನು ಮರೆಯುವುದಿಲ್ಲ. ನನ್ನ ಗಂಡ ಹಲ್ಲುಜ್ಜುವ ಕಡ್ಡಿ ಬಾಯಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಜನರ ಹಿಂದೆ ಸಾವುಕಾರರು ಕಾಣಿಸಿದರು. ನೀರು ಎಲ್ಲಿ ಎದ್ದಿತೆಂದು ನೋಡಲು ಬೆಳಿಗ್ಗೆಯಿಂದ ಅವರೂ ಊರೆಲ್ಲ ಸುತ್ತುತ್ತಿದ್ದರಂತೆ. ನನ್ನ ಕಟ್ಟೆಯ ಮೇಲಿನ ಕೊಡ ಕಂಡು ಅವರ ಬಾಯಿ ತೆರೆದುಕೊಂಡಿತು.

"ಯಾರ ಕೈಯವಾ?" ಕಸ್ತೂರೆವ್ವ ಕೇಳಿದಳು. "ನಿಂದೇನು?"

"ನಾ ಮೂರು ದಿನದಿಂದ ಚಕ್ರ ಮುಟ್ಟಿಲ್ಲ."

"ಹಂಗಾದ್ರ ನಿನ್ನ ಗಂಡಂದೇನು?"

ನನ್ನ ಗಂಡ ಕಡ್ಡಿ ತೆಗೆದು, "ನನಗ ಆ ಚಕ್ರ ಯಾವ ಕಡೆ ತಿರುಗ್ತೈತಿ ಅಂತ ಸೈತ ಗೊತ್ತಿಲ್ಲ ಯವ್ವಾ," ಎಂದರು.

"ನಿಮ್ಮನ್ಯಾಗ ಮತ್ಯಾರದಾರ? ನೀವಿಬ್ಬರ. ಮುದುಕಪ್ಪ ಅಲ್ಲ ಅಂದ್ರ ನೀನ. ಕೊಡ ಸುಳ್ಳು ಹೇಳಾಂಗಿಲ್ಲ. ಕೀಲಿ ಕೊಡು ಫಕೀರಿ." ಕಸ್ತೂರೆವ್ವ ಕೈ ಚಾಚಿದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಈ ಕೆಲಸ ಕಲಿಸಿದವಳೇ ಅವಳು.

ಆಗ ಜನರ ನಡುವೆ ದಾರಿ ಮಾಡಿಕೊಂಡು ಜಂಬಣ್ಣ ಬಂದ. ಏಳು ವರ್ಷದಲ್ಲಿ ಅವನು ನಮ್ಮ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಕೊಡದ ಹತ್ತಿರ ಬಂದು ಬಗ್ಗಿ ನೋಡಿದ. ಕಪ್ಪು ನೀರನ್ನು ನೋಡಿದ, ಹೊಸ್ತಿಲನ್ನು ನೋಡಿದ, ನನ್ನನ್ನು ನೋಡಿದ. ಕ್ವಿಂಟಲ್ ಮೂಟೆ ಹೊರುವ ಗಂಡಸು ಕಟ್ಟೆಯ ಬುಡದಲ್ಲಿ ಕುಸಿದು ಕೂತು ಅಳತೊಡಗಿದ. ನನಗೆ ಎಲ್ಲ ತಿಳಿದುಹೋಯಿತು.

"ನೀನೇನು?" ಎಂದೆ.

ತಲೆಯಾಡಿಸಿದ. "ಮನಿ ಇದ್ದಾಂವ ತಿರುವಿದ್ರ ಮನಿಗೆ ಬರ್ತೈತಿ ಅಂತ ಗೊತ್ತಿತ್ತು ಅಕ್ಕಾ. ನನಗ ಮನಿ ಇಲ್ಲ ಅಂತ ನೀನ ಹೇಳಿದ್ದಿ. ನಾ ನಂಬಿದ್ದೆ."

ನಾನು ಹೇಳಿದ್ದು ನಿಜ. ಆದರೆ ನಾನೇ ಅದನ್ನು ನಂಬಿರಲಿಲ್ಲ ಎಂದು ಆ ಕ್ಷಣದಲ್ಲಿ ಗೊತ್ತಾಯಿತು. ಅವನು ಹೇಳಿದ್ದು ನನ್ನೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. ಜನರಿಗೆ ಕೇಳಿಸಿರಲಿಲ್ಲ, ಅವನು ಯಾಕೆ ಅಳುತ್ತಿದ್ದಾನೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಕಸ್ತೂರೆವ್ವನ ಕೈ ಇನ್ನೂ ಚಾಚಿಕೊಂಡೇ ಇತ್ತು. ಅವನು ನಮ್ಮ ಮನೆಯವನಲ್ಲ ಎಂದು ನಾನು ಇನ್ನೂ ಸಾಧಿಸಿದರೆ ಕೊಡ ನನ್ನದಾಗುತ್ತದೆ, ಕೀಲಿಕೈ ಹೋಗುತ್ತದೆ, ತೊಟ್ಟಿಗೆ ಸಾವುಕಾರರ ಮಾತು ಕೇಳುವವರು ಯಾರಾದರೂ ಬರುತ್ತಾರೆ. ಅವನು ನಮ್ಮ ಮನೆಯವನೇ ಎಂದರೆ ನಡು ಓಣಿಯಲ್ಲಿ ಆಡಿದ ಮಾತನ್ನು ನಡು ಓಣಿಯಲ್ಲೇ ನುಂಗಬೇಕು. ನನ್ನ ಸ್ವಭಾವದವರಿಗೆ ಆ ಕೊಡದ ನೀರು ಕುಡಿಯುವುದೇ ಅದಕ್ಕಿಂತ ಸುಲಭ. ಕೀಲಿಕೈ ಉಳಿಸಿಕೊಳ್ಳಲಿಕ್ಕೆ ನಾನು ಬಾಯಿ ತೆರೆದೆ ಎಂದು ಕೆಲವರು ಈಗಲೂ ಹೇಳುತ್ತಾರೆ. ಹೇಳಲಿ. ಅವನು ಅಳುವಾಗ ಮೂರು ವರ್ಷದವನಿದ್ದಾಗ ಅಳುತ್ತಿದ್ದ ಹಾಗೆಯೇ ಕೆಳತುಟಿಯನ್ನು ಒಳಗೆಳೆದುಕೊಂಡಿದ್ದ. ನಾನು ನೋಡಿದ್ದು ಅದನ್ನು.

"ಕೊಡ ಸುಳ್ಳು ಹೇಳಿಲ್ಲ ಕಸ್ತೂರೆವ್ವ," ಎಂದು ಓಣಿಯ ಕೊನೆಯವರಿಗೂ ಕೇಳುವಂತೆ ಹೇಳಿದೆ. "ಇವ ತಿರುವ್ಯಾನ. ಇವ ನಮ್ಮ ಮನಿಯಂವ. ನಮ್ಮ ಮನಿ ಕತ್ತೆ."

"ಏಳು ವರ್ಷ ಆತಲ್ಲವಾ ನೀ ಹೊರಗ ಹಾಕಿ?"

"ಹೊರಗ ಹಾಕಿದ್ದು ಬಾಯಿಂದ. ಏಳು ವರ್ಷ ನನ್ನ ಒಲಿ ಮ್ಯಾಲಿನ ರೊಟ್ಟೀನ ತಿಂದಾನ. ಕೇಳ್ರಿ ಇವರನ್ನ, ದಿನಾ ಎಷ್ಟು ರೊಟ್ಟಿ ಕಟ್ಟಿಕೊಡ್ತೀನಿ ಅಂತ."

ಎಲ್ಲರೂ ನನ್ನ ಗಂಡನ ಕಡೆ ತಿರುಗಿದರು. "ಏಳು," ಎಂದರು ಅವರು. "ನಾ ಉಣ್ಣೂದು ಮೂರು." ಆಮೇಲೆ ನನ್ನ ಕಡೆ ನೋಡಿ, "ನಿನಗ ಗೊತ್ತಿತ್ತೇನ?" ಎಂದರು. ಓಣಿಯಲ್ಲಿ ಯಾರೋ ನಕ್ಕರು. ಆ ನಗು ನನಗೆ ಬೇಕಾಗಿತ್ತು.

ಕಸ್ತೂರೆವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಬೀಗ ಇತ್ತಲ್ಲ? ಕೀಲಿ ಇವಳ ಸೊಂಟದಾಗೈತಿ. ಬೀಗ ಯಾರು ತೆಗೆದ್ರು?" ಎಂದು ಜನರನ್ನೆಲ್ಲ ಒಂದು ಸುತ್ತು ನೋಡಿದಳು. ಅವಳ ಕಣ್ಣು ಸಾವುಕಾರರ ಮೇಲೆ ನಿಂತಿತು. ಅವರು ಜನರ ನಡುವಿನಿಂದ ಒಂದು ಹೆಜ್ಜೆ ಮುಂದೆ ಬಂದರು. "ನಾನ ಒಡಿಸಿದ್ದು," ಎಂದರು ಕೊನೆಗೆ. "ಮನಿ ಇಲ್ಲದಾಂವ ಅಂತ ಕರಕೊಂಡು ಹೋಗಿದ್ದೆ. ತಪ್ಪಾತು." ಹೇಳಿದ್ದು ಮೆಲ್ಲಗೆ, ಆದರೆ ಹೇಳಿದರು. ಅದಕ್ಕೇ ನಾನು ಅವರನ್ನು ಕೆಟ್ಟವರಲ್ಲ ಎಂದದ್ದು.

ಕೆಟ್ಟ ಕೊಡವನ್ನು ಎಲ್ಲೂ ಚೆಲ್ಲುವಂತಿಲ್ಲ. ಚಕ್ರ ತಿರುವಿದವರೇ ಅದನ್ನು ಹೊತ್ತುಕೊಂಡು ಹೋಗಿ ತೊಟ್ಟಿಗೆ ವಾಪಸು ಸುರಿಯಬೇಕು, ದಾರಿಯಲ್ಲಿ ಒಂದು ಹನಿಯೂ ಬೀಳಬಾರದು. ಜಂಬಣ್ಣ ಕೊಡವನ್ನು ಹೆಗಲಿಗೇರಿಸಿದ. ಪೇಟೆಯ ನಡುವೆ ನಡೆಯುವಾಗ ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರು. ನಾನು ರಸ್ತೆಯ ಆ ಬದಿಗೆ ಹೋಗಲಿಲ್ಲ, ಪಕ್ಕದಲ್ಲೇ ನಡೆದೆ, ದಾರಿಯುದ್ದಕ್ಕೂ ಬೈಯುತ್ತಾ ನಡೆದೆ. ಗಾಳಿ ಯಂತ್ರ ಬಂದ್ ಮಾಡಿದ್ದಕ್ಕೆ ಬೈದೆ, ಏಳು ವರ್ಷ ಬಾಗಿಲಿಗೆ ಬಾರದ್ದಕ್ಕೆ ಬೈದೆ, ನನ್ನ ಮಾತನ್ನು ನಿಜವೆಂದು ನಂಬಿದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಬೈದೆ. ಅವನು ಒಂದು ಹನಿಯೂ ಚೆಲ್ಲಲಿಲ್ಲ.

ಆಮೇಲಿನ ಹನ್ನೆರಡು ದಿನ ಇಬ್ಬರೂ ತೊಟ್ಟಿಯ ಹತ್ತಿರವೇ. ಸಾವುಕಾರರು ಹೊಸ ಕಪ್ಪು ಬಣ್ಣದ ಡಬ್ಬಿಗಳನ್ನು ಕಟ್ಟಿಸಿ ಬಂದಲ್ಲಿಗೇ ವಾಪಸು ಕಳಿಸಿದರು. ಅರ್ಧ ಆರ್ಡರ್ ಕೈತಪ್ಪಿತು, ಇನ್ನರ್ಧದವರು ಕಾಯುತ್ತೇವೆ ಎಂದರು. ತೊಟ್ಟಿಯ ಕಪ್ಪು ನೀರನ್ನು ಸ್ವಲ್ಪ ಸ್ವಲ್ಪವೇ ತೆಗೆದು ಸುಣ್ಣ, ಆಲಂ ಹಾಕಿ ಎರಡೆರಡು ಸಲ ಕೂರಿಸಿದೆವು. ಪಕ್ಕದ ಕಾರ್ಖಾನೆಯ ತೊಟ್ಟಿಯಿಂದ ಜಂಬಣ್ಣ ಎಂಟು ಪೀಪಾಯಿ ಬದುಕಿರುವ ಕೆಸರನ್ನು ಹೊತ್ತು ತಂದ. ಅದಕ್ಕೆ ಸೆಗಣಿ ನೀರು, ಬೆಲ್ಲದ ನೀರು ಊಡಿಸಿದೆವು. ಗಾಳಿ ಯಂತ್ರ ಒಂದು ಗಳಿಗೆ ದನಿ ಬದಲಿಸಿದರೂ ಉಣ್ಣುತ್ತಿದ್ದವನು ಎದ್ದು ಓಡುತ್ತಿದ್ದ. ಆರನೆಯ ದಿನ ಬೂದು ನೊರೆ ಹೋಯಿತು. ಒಂಬತ್ತನೆಯ ದಿನ ಜಾಡಿಯಲ್ಲಿ ಕೆಸರು ಕೆಳಗೆ ಕೂತಿತು. ಅವನು ಜಾಡಿಯನ್ನು ಬಿಸಿಲಿಗೆ ಹಿಡಿದು, "ಅಕ್ಕಾ, ಮಂದಿ ಬಂದ್ರು," ಎಂದ. ಹತ್ತನೆಯ ದಿನ ಮೀನುಗಳನ್ನು ಸಣ್ಣ ತೊಟ್ಟಿಗೆ ಬಿಟ್ಟೆವು. ಎರಡು ದಿನ ನಾಲ್ಕೂ ಚೆನ್ನಾಗಿ ಆಡಿಕೊಂಡಿದ್ದವು.

ಚಕ್ರ ತಿರುವುವ ದಿನ ಕಸ್ತೂರೆವ್ವ ತಾನೇ ನೋಡಬೇಕೆಂದು ಗೇಟಿನ ಹತ್ತಿರ ಬಂದಳು. ಸಾವುಕಾರರೂ ಬಂದರು. ನಾನು ಹೊಸ ಬೀಗ ತೆಗೆದು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕಕ್ಕೆ ಸರಿದೆ. "ತಿರುವು," ಎಂದೆ ತಮ್ಮನಿಗೆ.

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಬ್ಯಾಡಕ್ಕಾ. ನನ್ನ ಕೈ ಮುಟ್ಟಬಾರದು."

"ಹೌದು, ಮುಟ್ಟಬಾರದು," ಎಂದಳು ಕಸ್ತೂರೆವ್ವ. "ಕಪ್ಪು ಕೊಡ ತಂದ ಕೈ ಮತ್ತ ಚಕ್ರ ಮುಟ್ಟಾಂಗಿಲ್ಲ. ಇದು ನಿನಗೂ ಗೊತ್ತು ಫಕೀರಿ."

"ಗೊತ್ತೈತಿ. ನನಗ ಐವತ್ನಾಕು ಆತು. ನನ್ನ ಮುಂದ ಈ ತೊಟ್ಟಿ ಯಾರು ನೋಡ್ತಾರ? ಈ ಯಂತ್ರದ ಸದ್ದು ತಾಳದ ಬ್ಯಾರೆ ಕೆಲಸ ಹುಡುಕ್ಕೋತ ಹೋಗೋರೇನು? ತಪ್ಪು ಮಾಡಿದಾಂವಗ ಗೊತ್ತಿರೂದು ತಪ್ಪು ಮಾಡದವರಿಗೆ ಗೊತ್ತಿರಾಂಗಿಲ್ಲ. ನಾಳೆ ಕೊಡ ಕೆಟ್ಟರ ನನ್ನ ಕೀಲೀನೂ ತಗೋ, ಹೋಗು."

ಕಸ್ತೂರೆವ್ವ ಬಗ್ಗಿ ಸಣ್ಣ ತೊಟ್ಟಿಯ ಮೀನುಗಳನ್ನು ನೋಡಿದಳು. "ನಾಳೆ ಮುಂಜಾನೆ ಬರ್ತೀನಿ," ಎಂದಳು. ಬೇಡ ಎನ್ನಲಿಲ್ಲ. ಜಂಬಣ್ಣ ಅಂಗೈಗಳನ್ನು ಅಂಗಿಗೆ ಒರೆಸಿಕೊಂಡು ಚಕ್ರ ಹಿಡಿದ. ಗೇಟು ಎದ್ದಿತು. ನೀರು ಹೋಯಿತು, ಹಳ್ಳದ ನೀರಿಗೂ ಅದಕ್ಕೂ ಗೆರೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕಣ್ಣು ಬಿಡುವ ಹೊತ್ತಿಗೆ ಓಣಿಯಲ್ಲಿ ಜನ ಸೇರಿದ ಸದ್ದು ಕೇಳುತ್ತಿತ್ತು. ಜಂಬಣ್ಣ ನಡುಮನೆಯಲ್ಲಿ ಗೋಡೆಗೆ ಒ‌ರಗಿ ಕೂತಿದ್ದ, ಮಲಗಿದ ಲಕ್ಷಣ ಇರಲಿಲ್ಲ. ನಾನು ಮೊದಲ ಕೊಡ ತುಂಬಿದೆ. ಅದನ್ನು ಕಟ್ಟೆಯ ಮೇಲಿಡಲಿಲ್ಲ. ಒಳಗೆ ತಂದು, ಅದರೊಳಗೆ ಇಣುಕದೆ, ಕಣ್ಣನ್ನು ಗೋಡೆಯ ಮೇಲಿಟ್ಟು ಅಷ್ಟನ್ನೂ ದೊಡ್ಡ ಪಾತೆಲೆಗೆ ಬಗ್ಗಿಸಿ ಒಲೆ ಹೊತ್ತಿಸಿದೆ. ಚಹಾಪುಡಿ ಹಾಕಿದೆ, ಹಾಲು ಹಾಕಿದೆ, ಶುಂಠಿ ಜಜ್ಜಿ ಹಾಕಿದೆ. ನನ್ನ ಗಂಡ ಬಾಗಿಲಲ್ಲಿ ನಿಂತು ನೋಡಿದರು, ಚಹಾ ಕುಡಿಯುವ ಬಸಿ ತಟ್ಟೆಗಳನ್ನು ತೊಳೆಯತೊಡಗಿದರು, ಎರಡನೆಯ ಕೊಡದ ನೀರಿನಲ್ಲಿ.

"ಕೊಡ ಎಲ್ಲೈತಿ?" ಹೊರಗಿನಿಂದ ಕಸ್ತೂರೆವ್ವ ಕೂಗಿದಳು. ಅವಳ ಕೈಯಲ್ಲಿ ನೂಲಿತ್ತು.

"ಒಲಿ ಮ್ಯಾಲೈತಿ. ಕುಂಡ್ರು."

ಇಪ್ಪತ್ತೈದು ಜನಕ್ಕೆ ಚಹಾ ಕೊಟ್ಟೆ. ಸಾವುಕಾರರಿಗೂ ಕೊಟ್ಟೆ. ಎಲ್ಲರೂ ಬಸಿ ಹಿಡಿದುಕೊಂಡು ನಿಂತರು, ಯಾರೂ ಬಾಯಿಗೆ ಹಚ್ಚಲಿಲ್ಲ. ಚಹಾದಲ್ಲಿ ಬಣ್ಣ ಕಾಣುವುದಿಲ್ಲ. ನನ್ನ ತಮ್ಮ ಬಸಿಯನ್ನು ಕೆಳಗಿಟ್ಟು ಹೊಸ್ತಿಲಲ್ಲಿ ಕೂತಿದ್ದ. ಅವನು ನನ್ನನ್ನೇ ನೋಡುತ್ತಿದ್ದ. "ನೀ ನೀರು ನೋಡಿದೇನಕ್ಕಾ?" ಎಂದು ಕೇಳಿದ.

"ಇಲ್ಲ," ಎಂದೆ.

ನಾನು ಬಸಿ ಎತ್ತಿ ಪೂರ್ತಿ ಕುಡಿದೆ. ತುಟಿ ಒರೆಸಿಕೊಂಡು, "ಸಕ್ಕರಿ ಕಡಿಮಿ ಆಗೈತಿ," ಎಂದೆ. ಕಸ್ತೂರೆವ್ವ ನನ್ನ ಮುಖ ನೋಡಿದಳು, ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು. "ಹೌದು, ಕಡಿಮಿ ಐತಿ," ಎಂದಳು. ಜಂಬಣ್ಣ ಎದ್ದು ಒಳಗೆ ಓಡಿದ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಅವನು ಯಾರನ್ನೂ ಕೇಳಲಿಲ್ಲ.